ಟೇಲೆಂಡಿನ ಪೈಲಟ್

12 ಡಿಸೆಂಬರ್ 2022, ಸೋಮವಾರ

ಗೇಜ್: 2 ಅಡಿ 4 ಇಂಚು.

ಹಿಂಗಾರಿ ಬೆಳೆಗೆ ಇವತ್ತು ಕಾಲುವೆಗೆ ನೀರು ಬಿಟ್ಟರು. ನಾನು ಕಾಲುವೆಯ ಗೇಟ್ ಆಪರೇಟರ್. ದಿನದ ನೀರಿನ ಎತ್ತರ ಬರೆಯುವ ಗೇಜ್ ರಿಜಿಸ್ಟರ್ ಈ ಸಲ ಆಫೀಸಿನಿಂದ ಎರಡು ಬಂದವು. ನನಗೆ ಒಂದು ಸಾಕು. ಇನ್ನೊಂದನ್ನು ವಾಪಸ್ ಮಾಡಲು ಹೋದರೆ ಅದಕ್ಕೂ ಅರ್ಜಿ ಬರೆಯಬೇಕು ಎಂದರು. ಇಟ್ಟುಕೊಂಡೆ. ಇದರಲ್ಲಿ ನನ್ನದೇ ಏನಾದರೂ ಬರೆಯುತ್ತೇನೆ. ಮನೆಯಲ್ಲಿ ಮಾತಾಡಲು ಯಾರೂ ಇಲ್ಲ. ಇದ್ದಾಗಲೂ ನಾನು ಹೆಚ್ಚು ಮಾತಾಡಿದವನಲ್ಲ.

ಹೆಂಡತಿ ಮಾನಮ್ಮ ತೀರಿಹೋಗಿ ಇವತ್ತಿಗೆ ನಾಲ್ಕು ತಿಂಗಳು.

ಸಂಜೆ ಹೈದರಾಬಾದ್ ಬಸ್ಸಿಗೆ ಮಗಳು ಸುಗಲಾ ಬಂದಳು. ದೊಡ್ಡ ಸೂಟ್‌ಕೇಸು ತಂದಿದ್ದಾಳೆ. ಎಷ್ಟು ದಿನ ಇರುತ್ತೀ ಎಂದು ಕೇಳಲಿಲ್ಲ.

13 ಡಿಸೆಂಬರ್, ಮಂಗಳವಾರ

ಗೇಜ್: 2 ಅಡಿ 6 ಇಂಚು.

ನನ್ನ ಮಗಳು ವಿಮಾನ ಓಡಿಸುತ್ತಾಳೆ. ಬರೆಯುವಾಗಲೂ ಇದು ಬೇರೆ ಯಾರದೋ ಮಗಳ ಸುದ್ದಿ ಅನಿಸುತ್ತದೆ. ಸಮಾಜ ಕಲ್ಯಾಣ ಇಲಾಖೆಯ ಸ್ಕಾಲರ್‌ಷಿಪ್ಪಿನಿಂದ ಕಲಿತಳು. ಅರ್ಜಿಗೆ ಸಹಿ ಹಾಕುವಾಗ ನಾನು ಅದು ಟೈಪಿಂಗ್ ಪರೀಕ್ಷೆ ಅಂದುಕೊಂಡಿದ್ದೆ. ಮಾನಮ್ಮನಿಗೆ ಗೊತ್ತಿತ್ತು. ನನಗೆ ಹೇಳಿರಲಿಲ್ಲ.

ಮನೆಗೆ ಯಾಕೆ ಬಂದಳು ಎಂದು ಇವತ್ತು ತಾನಾಗಿ ಹೇಳಿದಳು. ಅವಳದು ಸಣ್ಣ ಕಂಪನಿ. ರೆಕ್ಕೆಗೆ ಫ್ಯಾನ್ ಇರುವ ಎಪ್ಪತ್ತು ಸೀಟಿನ ವಿಮಾನಗಳು. ಹೈದರಾಬಾದಿನಿಂದ ಸಣ್ಣ ಊರುಗಳಿಗೆ ಹೋಗಿ ಬರುತ್ತವೆ. ಮೂರು ವರ್ಷದ ಹಿಂದೆ ಇನ್ನೂ ಇಪ್ಪತ್ತು ವಿಮಾನ ಬರುತ್ತವೆ ಎಂದು ಕಂಪನಿಯವರು ಕೋ-ಪೈಲಟ್‌ಗಳನ್ನು ಸಿಕ್ಕಾಪಟ್ಟೆ ತೆಗೆದುಕೊಂಡರು. ವಿಮಾನ ಬಂದದ್ದು ಮೂರು. ಅಷ್ಟರಲ್ಲಿ ದೊಡ್ಡ ಕಂಪನಿಯವರು ಬಂದು ಕ್ಯಾಪ್ಟನ್‌ಗಳನ್ನು ಕರೆದುಕೊಂಡು ಹೋದರು. ಈಗ ಉಳಿದ ಕ್ಯಾಪ್ಟನ್ ಹನ್ನೊಂದು, ಕೋ-ಪೈಲಟ್ ಮೂವತ್ನಾಲ್ಕು.

ಒಬ್ಬ ಕ್ಯಾಪ್ಟನ್, ಒಬ್ಬ ಕೋ-ಪೈಲಟ್ ಇಲ್ಲದೆ ವಿಮಾನ ಏಳುವುದಿಲ್ಲ. ಹಾಗಾಗಿ ಹನ್ನೊಂದು ಜೋಡಿ ಹಾರುತ್ತದೆ, ಇಪ್ಪತ್ಮೂರು ಮಂದಿ ಮನೆಯಲ್ಲಿ ಕೂಡುತ್ತಾರೆ. ತಿಂಗಳಲ್ಲಿ ಹದಿನೈದು ದಿನ ಊರಿಗೆ ಹೋಗಿ ಬನ್ನಿ ಎಂದು ಕಳಿಸಿದ್ದಾರೆ. ಕ್ಯಾಪ್ಟನ್ ಆಗಬೇಕಾದರೆ ಸಾವಿರದ ಐನೂರು ತಾಸು ಹಾರಿರಬೇಕು. ಕ್ಯಾಪ್ಟನ್ ಕಡಿಮೆ ಇರುವುದರಿಂದ ಇವಳು ಹಾರುವಂತಿಲ್ಲ. ಇವಳು ಹಾರದಿದ್ದರೆ ಕ್ಯಾಪ್ಟನ್ ಹೆಚ್ಚಾಗುವುದಿಲ್ಲ.

ಇದೆಂಥ ತಲೆಕೆಟ್ಟ ವ್ಯವಹಾರ ಎಂದೆ. ನಿಮ್ಮ ಗೇಟಿನಲ್ಲಿ ಹೆಲ್ಪರ್ ಎಷ್ಟು, ಆಪರೇಟರ್ ಎಷ್ಟು ಎಂದು ಕೇಳಿದಳು. ಹೆಲ್ಪರ್ ಐದು ಮಂದಿ, ಆಪರೇಟರ್ ನಾನೊಬ್ಬನೇ.

ಅದು ಬೇರೆ ಎಂದೆ.

18 ಡಿಸೆಂಬರ್, ಭಾನುವಾರ

ಗೇಜ್: 2 ಅಡಿ 6 ಇಂಚು.

ಕೊಡೇಕಲ್ಲಿನಿಂದ ಅಕ್ಕ ದೇವಕಮ್ಮ ಬಂದಿದ್ದಳು. ಸುಗಲಾಗೆ ಒಂದು ಸಂಬಂಧ ತಂದಿದ್ದಾಳೆ. ಹುಡುಗ ಯಾದಗಿರಿಯಲ್ಲಿ ಕಾಲೇಜಿನ ಗುಮಾಸ್ತ. ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

"ಏನವ್ವಾ, ನೀ ಡ್ರೈವರೋ ಕ್ಲೀನರೋ ಖರೇ ಹೇಳು. ಗಂಡಿನ ಕಡೆಯವರು ಕೇಳಾಕತ್ತಾರ."

"ಇಬ್ಬರೂ ಡ್ರೈವರೇ ಅತ್ತಿ. ಒಬ್ಬರು ದೊಡ್ಡವರು, ಒಬ್ಬರು ಸಣ್ಣವರು."

"ಇಬ್ಬರು ಡ್ರೈವರ್ ಇದ್ದ ಗಾಡಿ ನಾ ಎಲ್ಲೂ ನೋಡಿಲ್ಲ. ಹೊರಡೂಕಿಂತ ಮೊದಲ ಕೆಳಗ ಇಳದು ಟೈರ್ ನೋಡಾವರು ಯಾರು?"

ಸುಗಲಾ ಸುಳ್ಳು ಹೇಳುವವಳಲ್ಲ. "ಅದು ನಾನೇ ನೋಡತೀನಿ" ಎಂದಳು.

"ಹಂಗಾದ್ರ ಕ್ಲೀನರ್ ಅನ್ನು. ಅದಕ್ಯಾಕ ನಾಚಿಕಿ?"

ಅಕ್ಕ ಹೋಗುವಾಗ ನನ್ನನ್ನು ಹೊರಗೆ ಕರೆದು, ಹುಡುಗಿಯನ್ನು ಹೀಗೆ ಮನೆಯಲ್ಲಿ ಕೂಡಿಸಿದ್ದಾರೆಂದರೆ ವಿಮಾನವನ್ನು ಎಲ್ಲೋ ತಾಗಿಸಿರಬೇಕು, ನೀನಾದರೂ ಕೇಳು ಎಂದಳು. ಕೇಳಲಿಲ್ಲ. ತಾಗಿಸಿದ್ದರೆ ಪೇಪರಿನಲ್ಲಿ ಬರುತ್ತಿತ್ತು.

25 ಡಿಸೆಂಬರ್, ಭಾನುವಾರ

ಗೇಜ್: 2 ಅಡಿ 6 ಇಂಚು. ವಿಶೇಷ ಇಲ್ಲ.

3 ಜನವರಿ 2023, ಮಂಗಳವಾರ

ಗೇಜ್: 2 ಅಡಿ 5 ಇಂಚು.

ಸುಗಲಾ ಹೈದರಾಬಾದಿನಲ್ಲಿದ್ದಾಳೆ. ಫೋನ್ ಮಾಡಿದ್ದಳು. ಒಂದು ವಾರ ಕಾದ ಮೇಲೆ ಒಂದು ಹಾರಾಟ ಸಿಕ್ಕಿತಂತೆ. ಅದರಲ್ಲೂ ವಿಮಾನ ಇಳಿಸಲು ಜೊತೆಗಿದ್ದ ಕ್ಯಾಪ್ಟನ್ ಕೊಡಲಿಲ್ಲವಂತೆ. ಇವತ್ತು ಗಾಳಿ ಇದೆ, ನೀನು ನೋಡಿ ಕಲಿ ಎಂದನಂತೆ. ಗಾಳಿಯೇ ಇರಲಿಲ್ಲ ಎಂದಳು.

ನನಗೆ ಸಿಟ್ಟು ಬಂತು. ಆ ಮನುಷ್ಯ ಪಕ್ಕದಲ್ಲೇ ಕೂತಿರುತ್ತಾನೆ. ತಪ್ಪಿದರೆ ಹಿಡಿದುಕೊಳ್ಳಬಹುದು. ಮೂರು ವರ್ಷ ಜೊತೆಗೆ ಕೆಲಸ ಮಾಡಿದವಳ ಮೇಲೆ ಇಷ್ಟು ಅಪನಂಬಿಕೆ ಇರಬಾರದು.

ಕಂಪನಿಯಲ್ಲಿ ಅವಳನ್ನು ಎಲ್ಲರೂ ನನ್ನ ಹೆಸರು ಹಿಡಿದು ದ್ಯಾವಪ್ಪ ಎಂದೇ ಕರೆಯುತ್ತಾರಂತೆ. ಗುರುತಿನ ಚೀಟಿಯಲ್ಲಿ ಸುಗಲಮ್ಮ ದ್ಯಾವಪ್ಪ ಎಂದಿದೆ. ಹೆಸರಿನ ಕೊನೆಯದನ್ನು ಹಿಡಿದು ಕರೆಯುವುದು ಅಲ್ಲಿಯ ರೂಢಿ. ನನ್ನನ್ನು ಅಷ್ಟು ಮಂದಿ ಯಾವತ್ತೂ ಕರೆದಿಲ್ಲ.

ಮಧ್ಯಾಹ್ನ ಹೆಲ್ಪರ್ ಅಂಬ್ರಪ್ಪ, ಗೇಟ್ ಎತ್ತುವ ಹ್ಯಾಂಡಲ್ ಎರಡು ಸುತ್ತು ನಾನು ತಿರುಗಿಸಲೇ ಎಂದು ಕೇಳಿದ. ಬೇಡ ಎಂದೆ. ಎರಡು ಸುತ್ತು ಹೆಚ್ಚಾದರೆ ಕೆಳಗಿನ ಹೊಲದ ಒಡ್ಡು ಹೋಗುತ್ತದೆ. ಅವನಿಗಿನ್ನೂ ಹನ್ನೊಂದೇ ವರ್ಷದ ಅನುಭವ.

16 ಜನವರಿ, ಸೋಮವಾರ

ನೀರು ಬಂದ್. ಸರದಿಯ ಬಿಡುವು.

ಸುಗಲಾ ಸಂಕ್ರಾಂತಿಗೆ ಬಂದಿದ್ದಾಳೆ. ಹಬ್ಬ ಮಾಡಲಿಲ್ಲ. ಅಕ್ಕ ಸಜ್ಜಿ ರೊಟ್ಟಿ, ಎಳ್ಳು ಹೋಳಿಗಿ ತಂದಿದ್ದಳು.

ಕಂಪನಿಯಿಂದ ಸುಗಲಾಗೆ ಪತ್ರ ಬಂದಿದೆ. ಏಪ್ರಿಲ್‌ನಲ್ಲಿ ಎಂಟು ಮಂದಿಯನ್ನು ಕ್ಯಾಪ್ಟನ್ ತರಬೇತಿಗೆ ತೆಗೆದುಕೊಳ್ಳುತ್ತಾರೆ. ಮಾರ್ಚ್ 31ರೊಳಗೆ ಸಾವಿರದ ಐನೂರು ತಾಸು ತುಂಬಿರಬೇಕು. ಎಂಟು ಸಿಗದಿದ್ದರೆ ಉಳಿದ ಜಾಗಕ್ಕೆ ಹೊರದೇಶದ ಕ್ಯಾಪ್ಟನ್‌ಗಳನ್ನು ಐದು ವರ್ಷಕ್ಕೆ ಕರೆಸುತ್ತಾರೆ. ಅಂದರೆ ಈಗ ತಪ್ಪಿದರೆ ಐದು ವರ್ಷ ಹೀಗೇ.

ಸುಗಲಾಳದು ಸಾವಿರದ ನಾನೂರ ಮೂವತ್ತೊಂದು. ಅರವತ್ತೊಂಬತ್ತು ತಾಸು ಕಡಿಮೆ. ತಿಂಗಳಿಗೆ ಹತ್ತು ತಾಸು ಸಿಗುತ್ತಿದೆ. ಯಾಕೆಂದರೆ ಹಾರಾಟ ಹಂಚುವುದು ಸೇವಾ ಹಿರಿತನದ ಪಟ್ಟಿಯ ಮೇಲಿನಿಂದ. ಮೇಲಿರುವ ಐದಾರು ಮಂದಿಗೆ ಸಾವಿರದ ಐನೂರು ಎಂದೋ ತುಂಬಿದೆ. ಆದರೂ ಮೊದಲ ಪಾಲು ಅವರದೇ. ಕೆಳಗಿನವರಿಗೆ ಉಳಿದರೆ ಉಂಟು.

ಇದು ನನಗೆ ಕೂಡಲೇ ತಿಳಿಯಿತು. ಕಾಲುವೆಯ ಬಾಯಿಯ ಹತ್ತಿರದ ಹೊಲದವರು ಎರಡು ಸಲ ಭತ್ತಕ್ಕೆ ನೀರು ಕಟ್ಟುತ್ತಾರೆ. ತುದಿಯ ಟೇಲೆಂಡಿನವರಿಗೆ ಕುಡಿಯಲೂ ಇರುವುದಿಲ್ಲ. ನನ್ನ ಮಗಳು ಟೇಲೆಂಡ್.

ಕ್ಯಾಪ್ಟನ್ ಎಡಗಡೆ ಸೀಟಿನಲ್ಲಿ, ಕೋ-ಪೈಲಟ್ ಬಲಗಡೆ ಸೀಟಿನಲ್ಲಿ ಕೂಡುತ್ತಾರೆ ಎಂದು ಸುಗಲಾ ಹೇಳುತ್ತಿದ್ದಾಗ ಅಕ್ಕ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

"ನೀ ಬಲಕ್ಕ ಕೂಡತೀ?"

"ಹೌದ್ರಿ ಅತ್ತಿ."

"ಲಾರಿಯಾಗ ಬಲಕ್ಕ ಕೂಡಾವ ಡ್ರೈವರ್. ಎಡಕ್ಕ ಕೂಡಾವ ಕ್ಲೀನರ್. ಮೊದಲ ಹೇಳಬೇಕಿಲ್ಲೇನು, ಹುಚ್ಚಿ? ಆ ಎಡಕ್ಕ ಹೋಗೂ ಹಟ ಬಿಡು, ಇದ್ದಲ್ಲೇ ಕುಂತಿರು. ನಾ ಯಾದಗಿರಿಗೆ ಇವತ್ತ ಫೋನ್ ಮಾಡತೀನಿ."

ಮಾಡಿಯೂ ಬಿಟ್ಟಳು. ಸುಗಲಾ ನಕ್ಕಳು. ಆಗಸ್ಟ್ ಆದ ಮೇಲೆ ಈ ಮನೆಯಲ್ಲಿ ಯಾರಾದರೂ ನಕ್ಕದ್ದು ಇದೇ ಮೊದಲು ಇರಬೇಕು. ನಾನು ಲೆಕ್ಕ ಇಟ್ಟಿಲ್ಲ.

20 ಜನವರಿ, ಶುಕ್ರವಾರ

ನೀರು ಬಂದ್.

ಸುಗಲಾ ನಿನ್ನೆ ಹೋದಳು. ಇವತ್ತು ಅವಳ ಕಂಪನಿಗೆ ಒಂದು ಅರ್ಜಿ ಬರೆದೆ. ಅವಳಿಗೆ ಹೇಳಿಲ್ಲ.

ಅರ್ಜಿ ಬರೆಯುವುದು ನನಗೆ ಬರುವುದಿಲ್ಲ. ನಮ್ಮ ಕಾಲುವೆಯ ಟೇಲೆಂಡಿನ ರೈತ ಹಣಮಂತ್ರಾಯನಿಗೆ ಬರುತ್ತದೆ. ಇಪ್ಪತ್ತು ವರ್ಷದಿಂದ ಪ್ರತಿ ಹಂಗಾಮಿಗೆ ನನ್ನ ಮೇಲೆ ಒಂದು ಅರ್ಜಿ ಕೊಡುತ್ತಾನೆ. ಉತ್ತರ ಬರೆಯಿರಿ ಎಂದು ಆಫೀಸಿನವರು ನಕಲು ನನಗೆ ಕಳಿಸುತ್ತಾರೆ. ಎಲ್ಲ ಟ್ರಂಕಿನಲ್ಲಿವೆ. ಒಳ್ಳೆಯ ಕನ್ನಡ. ಕಳೆದ ವರ್ಷದ್ದನ್ನು ಎದುರಿಗಿಟ್ಟುಕೊಂಡು ನೀರು ಎಂದಿದ್ದಲ್ಲಿ ಹಾರಾಟ, ರೈತರು ಎಂದಿದ್ದಲ್ಲಿ ಕೋ-ಪೈಲಟ್‌ಗಳು ಎಂದು ಬರೆಯುತ್ತಾ ಹೋದೆ.

ಕೊನೆಗೆ ನನ್ನದೂ ಒಂದು ಸಲಹೆ ಸೇರಿಸಿದೆ. ಮೇಲಿನಿಂದ ಹಂಚಬೇಡಿ, ಟೇಲೆಂಡಿನಿಂದ ಹಂಚಿರಿ. ಯಾರಿಗೆ ಸಾವಿರದ ಐನೂರಕ್ಕೆ ಸ್ವಲ್ಪ ಕಡಿಮೆ ಇದೆಯೋ ಅವರಿಗೆ ಮೊದಲು ತುಂಬಿಸಿರಿ. ಅವರು ಕ್ಯಾಪ್ಟನ್ ಆದರೆ ಜೋಡಿಗಳು ಹೆಚ್ಚುತ್ತವೆ, ಮೇಲಿನವರಿಗೂ ಕೆಳಗಿನವರಿಗೂ ಹಾರಾಟ ಸಿಗುತ್ತದೆ. ಮೂವತ್ನಾಲ್ಕು ಮಂದಿಗೆ ಎಂಟು ದಿನದ ಸರದಿಯ ಪಟ್ಟಿ ಕೂಡ ಗೆರೆ ಹಾಕಿ ಮಾಡಿದೆ. ಯಾವ ಹೊಲಕ್ಕೆ ಯಾವ ದಿನ ನೀರು ಎಂದು ಬರೆಯುವ ನಮ್ಮ ವಾರಬಂದಿ ಪಟ್ಟಿಯ ತರಹವೇ.

ಬರೆದು ಮುಗಿಸಿದಾಗ ಮೂರು ಗಂಟೆಯಾಗಿತ್ತು. ಊಟ ಮಾಡುವುದು ಮರೆತಿದ್ದೆ.

23 ಜನವರಿ, ಸೋಮವಾರ

ಗೇಜ್: 2 ಅಡಿ 2 ಇಂಚು.

ಅರ್ಜಿಯನ್ನು ಸುರಪುರದ ಪೋಸ್ಟಾಫೀಸಿನಲ್ಲಿ ರಿಜಿಸ್ಟರ್ ಮಾಡಿಸಿದೆ. ಮೇಲೆ ವಿಮಾನ ಕಂಪನಿ ಎಂದು ಇದ್ದುದನ್ನು ನೋಡಿ ಪೋಸ್ಟಿನವನು ಇದು ವಿಮಾನದಲ್ಲಿ ಹೋಗಬೇಕೇ ಎಂದು ಕೇಳಿದ. ಬಸ್ಸಿನಲ್ಲಿ ಹೋಗಲಿ, ಅವರಿಗೆ ಕ್ಯಾಪ್ಟನ್ ಇಲ್ಲ ಎಂದೆ.

7 ಫೆಬ್ರವರಿ, ಮಂಗಳವಾರ

ಗೇಜ್: 2 ಅಡಿ 6 ಇಂಚು.

ಸುಗಲಾ ಫೋನಿನಲ್ಲಿ ಬೈದಳು. ಅವಳು ನನ್ನನ್ನು ಬೈದದ್ದು ಇದೇ ಮೊದಲು. ದನಿ ಥೇಟ್ ಅವಳ ಅವ್ವನದು.

ನನ್ನ ಅರ್ಜಿಯನ್ನು ಯಾರೋ ಕ್ಯಾಂಟೀನಿನ ಗೋಡೆಗೆ ಹಚ್ಚಿದ್ದಾರಂತೆ. ಕನ್ನಡ ಓದಲು ಬರದವರೂ ಪಟ್ಟಿ ನೋಡಿ ನಗುತ್ತಿದ್ದಾರಂತೆ. ಟೇಲೆಂಡ್ ಎಂಬ ಪದವನ್ನು ಒಬ್ಬ ಬಿಡಿಸಿ ಹೇಳಿದ್ದಾನೆ. ಈಗ ಅವಳನ್ನು ದ್ಯಾವಪ್ಪ ಎನ್ನುವುದು ಬಿಟ್ಟು ಟೇಲೆಂಡ್ ಎನ್ನುತ್ತಾರೆ.

"ಮೂವತ್ನಾಲ್ಕು ಮಂದಿ ಒಳಗ ಯಾರ ಅಪ್ಪನೂ ಅರ್ಜಿ ಬರದಿಲ್ಲ. ನಿನಗ್ಯಾಕ ಬೇಕಾಗಿತ್ತಪ್ಪಾ?"

ಫೋನ್ ಇಟ್ಟಳು. ಹೆಸರು ಹೋಯಿತಲ್ಲ ಎಂದು ನನಗೂ ಬೇಜಾರಾಯಿತು.

11 ಫೆಬ್ರವರಿ, ಶನಿವಾರ

ಗೇಜ್: 2 ಅಡಿ 6 ಇಂಚು.

ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಕ್ಯಾಪ್ಟನ್ ನಜೀಮಾ ಅಂತೆ. ಹನ್ನೊಂದು ಕ್ಯಾಪ್ಟನ್‌ಗಳಲ್ಲಿ ಇವರೊಬ್ಬರೇ ಕನ್ನಡ ಓದುವವರು, ಕಲಬುರಗಿಯಲ್ಲಿ ಹುಟ್ಟಿದವರು. ಅರ್ಜಿಯಲ್ಲಿ ಏನಿದೆ ನೋಡಿ ಹೇಳಿರಿ ಎಂದು ಕಂಪನಿಯವರು ಅವರ ಕೈಗೇ ಕೊಟ್ಟಿದ್ದರಂತೆ. ನಾನು ಎದ್ದು ನಿಂತು ಮಾತಾಡಿದೆ.

ಸಲಹೆ ಖರೇ ಇದೆ, ಆದರೆ ಕಂಪನಿಯವರು ಕೇಳುವುದಿಲ್ಲ, ಹಿರಿತನದ ಪಟ್ಟಿ ಮುಟ್ಟಿದರೆ ಮೇಲಿನವರು ಕೋರ್ಟಿಗೆ ಹೋಗುತ್ತಾರೆ ಎಂದರು. ಆಮೇಲೆ ಒಂದು ಮಾತು ಕೇಳಿದರು.

"ದ್ಯಾವಪ್ಪನವ್ರ, ಅರ್ಜಿಯೊಳಗ ಒಂದು ಸಾಲು ನನಗ ತಿಳಿವಲ್ತು. ಓದತೀನಿ ಕೇಳ್ರಿ. 'ಸದರಿ ಗೇಟ್ ಆಪರೇಟರನು ಮಹಾ ಹಟಮಾರಿಯಾಗಿದ್ದು, ಹೆಲ್ಪರುಗಳ ಕೈಗೆ ಹ್ಯಾಂಡಲ್ ಕೊಡದೆ, ತಾನೂ ಎಲ್ಲ ಕಡೆ ಮುಟ್ಟದೆ, ಟೇಲೆಂಡಿನವರನ್ನು ಒಣಗಿಸುತ್ತಿದ್ದಾನೆ.' ನಮ್ಮ ಕಂಪನಿಯಾಗ ಗೇಟ್ ಆಪರೇಟರ್ ಯಾರೂ ಇಲ್ಲ. ಇವ ಯಾರ್ರಿ?"

ಹಣಮಂತ್ರಾಯನ ಅರ್ಜಿಯ ಸಾಲು. ಬದಲಿಸುವುದು ಮರೆತು ಹಾಗೇ ನಕಲು ಮಾಡಿದ್ದೆ.

"ನಾನೇ ರೀ" ಎಂದೆ.

ಆ ಕಡೆ ಬಹಳ ಹೊತ್ತು ನಕ್ಕರು. ನಕ್ಕು ಮುಗಿಸಿ, ಹೆಲ್ಪರ್‌ಗೆ ಯಾಕೆ ಹ್ಯಾಂಡಲ್ ಕೊಡುವುದಿಲ್ಲ ಎಂದು ಕೇಳಿದರು. ತಪ್ಪಾದರೆ ನನ್ನ ಮೇಲೆ ಬರುತ್ತದೆ ಎಂದೆ.

"ನಾನೂ ಹಂಗ ಹೇಳತಿದ್ದೆ" ಎಂದರು. "ಹದಿನೆಂಟು ವರ್ಷ ಆತು. ಬಲಕ್ಕ ಕುಂತಾವರಿಗೆ ಇಳಸಾಕ ಕೊಟ್ಟಿದ್ದು ಬೆರಳ ಮ್ಯಾಗ ಎಣಸಬಹುದು."

ಯಾರ ಜೊತೆ ಹಾರಬೇಕು ಎಂದು ತಮ್ಮಂಥ ತರಬೇತಿ ಕೊಡುವ ಕ್ಯಾಪ್ಟನ್ ಕೇಳಬಹುದಂತೆ. ಮಾರ್ಚ್ ಕೊನೆಯವರೆಗೆ ತಮ್ಮ ಹಾರಾಟಗಳಿಗೆ, ತಾಸು ಕಡಿಮೆ ಇರುವ ನಾಲ್ಕು ಮಂದಿಯನ್ನು ಸರದಿಯ ಮೇಲೆ ಕೇಳುತ್ತೇನೆ, ಅದರಲ್ಲಿ ನಿಮ್ಮ ಮಗಳೂ ಒಬ್ಬಳು ಎಂದರು. ಆದರೆ ಇಳಿಸುವಾಗ ತಪ್ಪಿದರೆ ಬೈಯುತ್ತೇನೆ, ಅದಕ್ಕೆ ಅರ್ಜಿ ಬರೆಯಬಾರದು ಎಂದರು.

12 ಫೆಬ್ರವರಿ, ಭಾನುವಾರ

ಗೇಜ್: 2 ಅಡಿ 6 ಇಂಚು. ಅಂಬ್ರಪ್ಪ ದಿನದಂತೆ ಬಂದಿದ್ದ. ಹ್ಯಾಂಡಲ್ ನಾನೇ ತಿರುಗಿಸಿದೆ.

19 ಫೆಬ್ರವರಿ, ಭಾನುವಾರ

ಇವತ್ತು ಅಂಬ್ರಪ್ಪನ ಕೈಗೆ ಹ್ಯಾಂಡಲ್ ಕೊಟ್ಟೆ. ನಾಲ್ಕು ಸುತ್ತು. ಪಕ್ಕದಲ್ಲೇ ನಿಂತಿದ್ದೆ. ಅವನು ಒಂದೊಂದು ಸುತ್ತಿಗೂ ನನ್ನ ಮುಖ ನೋಡುತ್ತಿದ್ದ. ಮುಖ ಅಲ್ಲ, ಗೇಟ್ ನೋಡು ಎಂದೆ.

ತಪ್ಪಾಗಲಿಲ್ಲ. ನನಗಿಂತ ಸ್ವಲ್ಪ ನಿಧಾನ.

ಈ ಹ್ಯಾಂಡಲ್ ಮೊಣಕೈ ಉದ್ದದ ಕಬ್ಬಿಣ. ಯಾರೋ ಒಮ್ಮೆ ಕದ್ದು ಗೇಟ್ ಎತ್ತಿದ ಮೇಲೆ ಅದನ್ನು ಗೇಟಿನಲ್ಲಿ ಬಿಡುವುದಿಲ್ಲ. ದಿನಾ ಮನೆಗೆ ತಂದು ಮಂಚದ ಕೆಳಗೆ ಇಡುತ್ತೇನೆ. ಮಾನಮ್ಮ ಅದಕ್ಕೆ ಸವತಿ ಎಂದು ಹೆಸರಿಟ್ಟಿದ್ದಳು. ನಾನು ಮನೆಗೆ ಬಂದರೆ, "ಸವತಿ ಬಂದಳೇನು? ಆಕಿಗೆ ನೀರು ಕೊಟ್ಟು ಆಮ್ಯಾಲ ನೀ ಕುಡಿ" ಎನ್ನುತ್ತಿದ್ದಳು.

ಆಗಸ್ಟ್‌ನಲ್ಲಿ ಅವಳು ಮೂರು ದಿನ ಕಲಬುರಗಿಯ ಆಸ್ಪತ್ರೆಯಲ್ಲಿದ್ದಳು. ಸುಗಲಾ ಹತ್ತಿರ ಇದ್ದಳು. ಇಲ್ಲಿ ಮೇಲಿನಿಂದ ನೀರು ಜಾಸ್ತಿ ಬರುತ್ತಿತ್ತು. ನಾನು ನೋಡಿಕೊಳ್ಳುತ್ತೇನೆ, ಹೋಗಿರಿ ಕಾಕಾ ಎಂದು ಅಂಬ್ರಪ್ಪ ಮೂರು ದಿನವೂ ಹೇಳಿದ. ನಾಳೆ ಹೋಗುತ್ತೇನೆ ಎಂದೆ. ಮೂರು ದಿನವೂ ಹಾಗೇ ಎಂದೆ.

ಇವತ್ತಿನ ಗೇಜ್ ಬರೆಯುವುದು ಬಿಟ್ಟುಹೋಗಿದೆ. 2 ಅಡಿ 5 ಇಂಚು ಇರಬೇಕು.

9 ಮಾರ್ಚ್, ಗುರುವಾರ

ಸಾವಿರದ ನಾನೂರ ಎಪ್ಪತ್ತು ತಾಸು ಹತ್ತು ನಿಮಿಷ.

ಸುಗಲಾ ಈಗ ದಿನಾ ಫೋನ್ ಮಾಡಿ ತಾಸು ಹೇಳುತ್ತಾಳೆ. ನಾನು ಈ ರಿಜಿಸ್ಟರಿನಲ್ಲಿ ಗೇಜಿನ ಕಾಲಮ್ಮಿನಲ್ಲೇ ಬರೆದುಕೊಳ್ಳುತ್ತೇನೆ. ನಿನ್ನೆ ವಿಜಯವಾಡದಲ್ಲಿ ಅವಳೇ ಇಳಿಸಿದಳಂತೆ. ಸ್ವಲ್ಪ ಕುಪ್ಪಳಿಸಿತಂತೆ. ಬೈದರೇ ಎಂದು ಕೇಳಿದೆ. ಬೈದರು, ಆದರೆ ಮುಂದಿನದ್ದನ್ನೂ ನನಗೇ ಕೊಟ್ಟರು ಎಂದಳು.

ಅಕ್ಕನ ಯಾದಗಿರಿ ಸಂಬಂಧ ಮುರಿದುಬಿತ್ತು. ಹುಡುಗಿ ಬಲಗಡೆ ಕೂಡುವ ಡ್ರೈವರ್ ಎಂದು ಅಕ್ಕ ಗಟ್ಟಿಯಾಗಿ ಹೇಳಿದ್ದಕ್ಕೆ, ಡ್ರೈವರ್ ಆದರೆ ಮನೆ ನೋಡಿಕೊಳ್ಳುವವರು ಯಾರು ಎಂದರಂತೆ. ಕ್ಲೀನರ್ ಎಂದೇ ಹೇಳಬೇಕಿತ್ತು ಎಂದು ಅಕ್ಕನಿಗೆ ಈಗ ಅನಿಸುತ್ತಿದೆ.

ಇವತ್ತು ಚವಳಿಕಾಯಿ ಪಲ್ಯ ಮಾಡಿದೆ. ಅಂಬ್ರಪ್ಪನೂ ಉಂಡ. ಉಪ್ಪು ಹೆಚ್ಚಾಗಿದೆ ಎಂದು ಹೇಳಲು ಅವನಿಗೆ ಒಂದು ರೊಟ್ಟಿಯಷ್ಟು ಹೊತ್ತು ಬೇಕಾಯಿತು.

24 ಮಾರ್ಚ್, ಶುಕ್ರವಾರ

ಸುಗಲಾ ಒಂದು ದಿನಕ್ಕೆ ಬಂದಿದ್ದಳು. ಹಂಗಾಮಿನ ಕೊನೆಯ ಸರದಿಯ ನೀರು ಇವತ್ತೇ ಬಂತು. ಏಪ್ರಿಲ್ ನಾಲ್ಕರವರೆಗೆ ಇರುತ್ತದೆ.

ಅವಳ ಹಾರಾಟಗಳ ಪಟ್ಟಿ ಬಂದಿದೆ. ಮಾರ್ಚ್ ಮೂವತ್ತಕ್ಕೆ ಸಾವಿರದ ನಾನೂರ ತೊಂಬತ್ತೆಂಟು ತಾಸು ಹತ್ತು ನಿಮಿಷ ಆಗುತ್ತದೆ. ಮೂವತ್ತೊಂದಕ್ಕೆ ಒಂದೇ ಕೆಲಸ: ಹೈದರಾಬಾದಿನಿಂದ ಕಲಬುರಗಿ, ಕಲಬುರಗಿಯಿಂದ ಹೈದರಾಬಾದ್. ಹೋಗಲು ಐವತ್ತೈದು ನಿಮಿಷ, ಬರಲು ಐವತ್ತೈದು ನಿಮಿಷ. ನಾನು ಮೂರು ಸಲ ಕೂಡಿಸಿದೆ. ಸರಿಯಾಗಿ ಸಾವಿರದ ಐನೂರು. ಒಂದು ನಿಮಿಷ ಹೆಚ್ಚಿಲ್ಲ, ಕಡಿಮೆ ಇಲ್ಲ.

ಸುಗಲಾ ಒಂದು ಟಿಕೆಟ್ ನನ್ನ ಮುಂದೆ ಇಟ್ಟಳು. ಮೂವತ್ತೊಂದನೇ ತಾರೀಖಿನದು, ಕಲಬುರಗಿಯಿಂದ ಹೈದರಾಬಾದಿಗೆ. ನನ್ನ ಹೆಸರಿನಲ್ಲಿದೆ.

ಸರದಿ ನಡೆದಿದೆ, ಗೇಟ್ ಬಿಟ್ಟು ಹೇಗೆ ಬರಲಿ ಎಂದೆ. ಮುಂದಿನ ಸಲ ನೋಡೋಣ ಎಂದೆ.

ಅವಳು ಸಿಟ್ಟಾಗಲಿಲ್ಲ. ರೊಟ್ಟಿಯ ಬುಟ್ಟಿ ಮುಚ್ಚಿಟ್ಟು, ಇಷ್ಟು ದಿನ ಹೇಳಿರಲಿಲ್ಲ ಎಂದಳು. ಆಸ್ಪತ್ರೆಯಲ್ಲಿ ಎರಡನೇ ದಿನ ಮಾನಮ್ಮ ಬಾಗಿಲ ಕಡೆ ನೋಡಿ ಕೇಳಿದಳಂತೆ:

"ನಿಮ್ಮಪ್ಪ ಬಂದ್ರ ಸವತಿನ್ನ ಹೊರಗ ಬಿಟ್ಟು ಬಾ ಅನ್ನು. ಇಲ್ಲಿ ಮಂಚ ಸಣ್ಣದು ಐತಿ."

ಹೇಳಿ ತಾನೇ ನಕ್ಕಳಂತೆ. ನರ್ಸಮ್ಮ ಏನೆಂದು ಕೇಳಿದಾಗ ಸುಗಲಾಗೆ ಬಿಡಿಸಿ ಹೇಳಲು ಬರಲಿಲ್ಲವಂತೆ.

ನಾನು ಹೊರಗೆ ಹೋಗಿ ಸೈಕಲ್ ಒರೆಸಿದೆ. ಅದು ಕೊಳೆಯಾಗಿರಲಿಲ್ಲ.

30 ಮಾರ್ಚ್, ಗುರುವಾರ

ಸಂಜೆ ಹ್ಯಾಂಡಲ್ಲನ್ನು ಅಂಬ್ರಪ್ಪನ ಮನೆಗೆ ಒಯ್ದು ಕೊಟ್ಟೆ. ಬೀಗದ ಕೈ, ಆಫೀಸಿನ ರಿಜಿಸ್ಟರ್, ಟಾರ್ಚ್ ಕೂಡ ಕೊಟ್ಟೆ. ಮುಂಜಾನೆ ಎಷ್ಟು ಸುತ್ತು, ಮಧ್ಯಾಹ್ನ ಎಷ್ಟು ಸುತ್ತು, ನೀರು ಏರಿದರೆ ಎಷ್ಟು, ಇಳಿದರೆ ಎಷ್ಟು ಎಂದು ಹೇಳಿದೆ. ಇನ್ನೊಮ್ಮೆ ಹೇಳಿದೆ. ಮೂರನೇ ಸಲ ಶುರು ಮಾಡಿದಾಗ ಅವನ ಹೆಂಡತಿ ದುರಗಮ್ಮ ಚಹಾ ತಂದಿಟ್ಟು, "ಕಾಕಾ, ಇವರು ನಿದ್ದಿಯೊಳಗೂ ಇದ ಬಡಬಡಸತಾರ. ಹನ್ನೊಂದು ವರ್ಷದಿಂದ ನನಗೂ ಬಾಯಿಪಾಠ ಆಗೇತಿ" ಎಂದಳು.

ಅಂಬ್ರಪ್ಪ ಮಾತ್ರ ಹ್ಯಾಂಡಲ್ಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಎಲ್ಲಿ ಇಡಲಿ ಎಂದು ಕೇಳಿದ.

ಮಂಚದ ಕೆಳಗೆ ಎಂದೆ.

31 ಮಾರ್ಚ್, ಶುಕ್ರವಾರ. ಹೈದರಾಬಾದ್

ಬರೆಯುವುದು ಬಹಳ ಇದೆ.

ಬಸ್ಸು ಶಹಾಪುರ ದಾಟುವಾಗ ಏನೋ ಮರೆತಂತೆ ಮೂರು ಸಲ ಚೀಲ ನೋಡಿದೆ. ಇಪ್ಪತ್ತಾರು ವರ್ಷದಲ್ಲಿ ಸರದಿ ನಡೆದಾಗ ಹ್ಯಾಂಡಲ್ ಬಿಟ್ಟು ತಾಲ್ಲೂಕು ದಾಟಿದವನಲ್ಲ. ಅಕ್ಕ ಕೊಟ್ಟ ಶೇಂಗಾ ಹಿಂಡಿಯನ್ನು ವಿಮಾನ ನಿಲ್ದಾಣದ ಪೊಲೀಸಿನವಳು ತೆಗೆದು ಮೂಸಿದಳು. ಇನ್ನೊಬ್ಬಳನ್ನು ಕರೆದು ಮೂಸಿಸಿದಳು. ಇಬ್ಬರೂ ಸೀನಿದರು. ಆಮೇಲೆ ಬಿಟ್ಟರು.

ಸುಗಲಾಳ ವಿಮಾನ ಬಂದು ನಿಂತದ್ದನ್ನು ಗಾಜಿನಿಂದ ನೋಡಿದೆ. ಅವಳು ಕೆಳಗಿಳಿದು ಟೈರ್ ನೋಡುತ್ತಾ ಒಂದು ಸುತ್ತು ಹಾಕಿದಳು. ಅಕ್ಕ ನೋಡಿದ್ದರೆ ಏನೆನ್ನುತ್ತಿದ್ದಳು ಎಂದು ನಗು ಬಂತು. ಅಷ್ಟರಲ್ಲಿ ಅವಳೇ ಫೋನ್ ಮಾಡಿದಳು.

"ಅಪ್ಪಾ, ಗಾಳಿ ಹಿಂದಿಂದ ಬಂತು. ನಲವತ್ತೊಂಬತ್ತು ನಿಮಿಷಕ್ಕ ಬಂದ್ವಿ. ಆರು ನಿಮಿಷ ಕಡಿಮಿ ಬಿತ್ತು."

ಕ್ಯಾಪ್ಟನ್ ನಜೀಮಾ ಅವರಿಗೆ ಸ್ವಲ್ಪ ನಿಧಾನ ಓಡಿಸಲು ಹೇಳು ಎಂದೆ. ಅವರು ಯಾರ ಸಲುವಾಗಿಯೂ ನಿಧಾನ ಓಡಿಸುವುದಿಲ್ಲ, ನಾನೂ ಕೇಳುವುದಿಲ್ಲ ಎಂದಳು. ಸರಿ ಎಂದೆ. ಕಾಲುವೆಯಲ್ಲಿ ನಾನೂ ಯಾರಿಗೂ ಒಂದು ಇಂಚು ಹೆಚ್ಚು ಬಿಟ್ಟವನಲ್ಲ. ಈ ಸಲ ಗಾಳಿ ಎದುರಿಗೆ ಬರುತ್ತದಲ್ಲ, ಅದು ಎಷ್ಟು ಕೊಡುತ್ತದೋ ಅಷ್ಟೇ ಎಂದಳು.

ಪಕ್ಕದ ಸೀಟಿನಲ್ಲಿ ಸೇಡಂ ಕಡೆಯ ಒಬ್ಬರು. ಹೈದರಾಬಾದಿನಲ್ಲಿ ತಂಗಿಯ ಮಗನ ಮದುವೆ, ಅಕ್ಷತೆಗೆ ತಡವಾಗುತ್ತದೆ ಎಂದು ಗಡಿಯಾರ ನೋಡುತ್ತಿದ್ದರು. ನಾನೂ ಗಡಿಯಾರ ನೋಡುತ್ತಿದ್ದೆ. ವಿಮಾನ ಅಲುಗಾಡಿದಾಗಿನಿಂದ ನಿಲ್ಲುವವರೆಗೆ ತಾಸಿನ ಲೆಕ್ಕ. ಅಲುಗಾಡಿದ ಕ್ಷಣ ಹನ್ನೆರಡು ಇಪ್ಪತ್ತು. ಅರವತ್ತೊಂದು ನಿಮಿಷ ಬೇಕು. ಅಂದರೆ ಒಂದು ಇಪ್ಪತ್ತೊಂದರ ಮೊದಲು ಈ ವಿಮಾನ ನಿಲ್ಲಬಾರದು.

ಮೇಲೆ ಹೋದ ಮೇಲೆ ಮೈಕಿನಲ್ಲಿ ಕ್ಯಾಪ್ಟನ್ ನಜೀಮಾ ಮಾತಾಡಿದರು. ಇಂಗ್ಲಿಷಿನಲ್ಲಿ ಏನೇನೋ ಹೇಳಿ, ನಡುವೆ "ಫಸ್ಟ್ ಆಫೀಸರ್ ದ್ಯಾವಪ್ಪ" ಎಂದರು. ನಾನು ಎದ್ದು ನಿಲ್ಲಹೋದೆ. ಬೆಲ್ಟ್ ಎಳೆದು ಕೂಡಿಸಿತು. ಗಗನಸಖಿ ಬಂದು ಏನು ಬೇಕು ಎಂದು ಕೇಳಿದಳು. ಏನೂ ಬೇಡ, ಹಾಜರಿ ಹೇಳಿದೆ ಎಂದೆ.

ಕೆಳಗೆ ಒಂದು ಕಡೆ ನೀರಿನ ಗೆರೆ ಕಂಡಿತು. ಯಾವ ಕಾಲುವೆಯೋ ಗೊತ್ತಾಗಲಿಲ್ಲ. ಮೇಲಿನಿಂದ ನೋಡಿದರೆ ಬಾಯಿ ಯಾವುದು, ಟೇಲೆಂಡ್ ಯಾವುದು ತಿಳಿಯುವುದೇ ಇಲ್ಲ.

ಒಂದು ಗಂಟೆಗೆ ಹೈದರಾಬಾದ್ ಕಂಡಿತು. ಇನ್ನೂ ಇಪ್ಪತ್ತೊಂದು ನಿಮಿಷ ಬೇಕು, ವಿಮಾನವೋ ಇಳಿಯುವ ಅವಸರದಲ್ಲಿದೆ. ಅಷ್ಟರಲ್ಲಿ ಮತ್ತೆ ಮೈಕು. ಕೆಳಗೆ ದಟ್ಟಣೆ ಇದೆ, ಸರದಿ ಬರುವವರೆಗೆ ಸುತ್ತು ಹೊಡೆಯಬೇಕು. ಪಕ್ಕದವರು ಕಂಪನಿಗೆ ಬೈದರು, ಸರಕಾರಕ್ಕೆ ಬೈದರು, ಬೀಗರಿಗೂ ಬೈದರು. ವಿಮಾನ ಒಂದು ಸುತ್ತು ಹಾಕಿತು. ಇನ್ನೊಂದು ಹಾಕಿತು. ನಾನು ಒಂದು, ಎರಡು ಎಂದು ಎಣಿಸುತ್ತಿದ್ದೆ. ಮೂರನೇ ಸುತ್ತಿಗೆ ಅವರು ನನ್ನ ಕಡೆ ತಿರುಗಿ, "ಏನ್ರೀ, ನಿಮಗ ಇದು ಜಾತ್ರಿ ತೊಟ್ಟಿಲ ಆಗೇತೇನು?" ಎಂದರು. ನನ್ನ ಮುಖದಲ್ಲಿ ಏನಿತ್ತೋ.

ಇಳಿಸಿದವಳು ಸುಗಲಾ. ಅದು ಆಮೇಲೆ ತಿಳಿಯಿತು. ಕುಪ್ಪಳಿಸಲಿಲ್ಲ.

ವಿಮಾನ ನಿಂತದ್ದು ಒಂದು ಇಪ್ಪತ್ತೊಂಬತ್ತಕ್ಕೆ. ಅರವತ್ತೊಂಬತ್ತು ನಿಮಿಷ. ಸಾವಿರದ ಐನೂರು ತಾಸು ಎಂಟು ನಿಮಿಷ.

ಎಲ್ಲರೂ ಇಳಿದ ಮೇಲೆ ಮುಂದಿನ ಬಾಗಿಲು ತೆರೆಯಿತು. ಕ್ಯಾಪ್ಟನ್ ನಜೀಮಾ ನಾನು ಅಂದುಕೊಂಡದ್ದಕ್ಕಿಂತ ಗಿಡ್ಡ. ನನ್ನ ಕೈ ಹಿಡಿದು, "ಹಟಮಾರಿ ಗೇಟ್ ಆಪರೇಟರ್ ಇವರ ಏನು?" ಎಂದರು. ಹ್ಯಾಂಡಲ್ ಎಲ್ಲಿ ಎಂದು ಕೇಳಿದರು.

"ಕೊಟ್ಟು ಬಂದೀನ್ರಿ" ಎಂದೆ.

ಹಿಂದೆ ನಿಂತಿದ್ದ ಸುಗಲಾ ಅತ್ತಳು. ತಾಸು ತುಂಬಿದ್ದಕ್ಕೆ ಇರಬೇಕು.

2 ಏಪ್ರಿಲ್, ಭಾನುವಾರ

ನಿನ್ನೆ ಸಂಜೆ ಬಸ್ಸಿಗೆ ಊರಿಗೆ ಬಂದೆ. ಎಂಟು ಮಂದಿಯ ಪಟ್ಟಿಯಲ್ಲಿ ಸುಗಲಾಳ ಹೆಸರು ಎಂಟನೆಯದಂತೆ. ಟೇಲೆಂಡ್ ಎಂದೆ. ನೀರು ಮುಟ್ಟಿತಲ್ಲ ಎಂದಳು. ಎಡಗಡೆ ಸೀಟಿನ ತರಬೇತಿ ಮೇ ತಿಂಗಳಿನಿಂದ. ಅಕ್ಕನಿಗೆ ಹೇಳಿದೆ. ಇಷ್ಟೆಲ್ಲ ಕಷ್ಟಪಟ್ಟು ಕ್ಲೀನರ್ ಸೀಟಿಗೆ ಹೋದಳೇ ಎಂದಳು.

ಮುಂಜಾನೆ ಹಣಮಂತ್ರಾಯ ಬಂದಿದ್ದ. ಕೈಯಲ್ಲಿ ಕಾಗದ ಇದ್ದುದನ್ನು ನೋಡಿ ಅರ್ಜಿ ಅಂದುಕೊಂಡೆ. ಅಲ್ಲ, ಹೊಲದ ಬದನೆಕಾಯಿ ಸುತ್ತಿ ತಂದಿದ್ದ. ಮೊನ್ನೆ ಟೇಲೆಂಡಿಗೆ ನೀರು ಮಧ್ಯಾಹ್ನವೇ ಮುಟ್ಟಿತಂತೆ, ಇಪ್ಪತ್ತು ವರ್ಷದಲ್ಲಿ ಹೀಗೆ ಆಗಿರಲಿಲ್ಲವಂತೆ. ಅಂಬ್ರಪ್ಪನನ್ನು ಕೇಳಿದೆ. ನಾನು ಹೇಳಿದ್ದಕ್ಕಿಂತ ಎರಡು ಸುತ್ತು ಹೆಚ್ಚು ಎತ್ತಿದ್ದಾನೆ. ಒಡ್ಡು ಒಡೆದಿಲ್ಲ. ಹನ್ನೊಂದು ವರ್ಷದಿಂದ ಇದನ್ನೇ ಹೇಳಬೇಕೆಂದಿದ್ದೆ ಕಾಕಾ ಎಂದ.

ಬೈಯಬೇಕೆಂದು ಬಾಯಿ ತೆರೆದೆ. ಬದನೆಕಾಯಿ ಅರ್ಧ ಒಯ್ಯಿ ಎಂದು ಬಾಯಿಂದ ಬಂತು.

ಹೆಲ್ಪರ್‌ನಿಂದ ಆಪರೇಟರ್ ಆಗಬೇಕಾದರೆ ಸ್ವತಂತ್ರವಾಗಿ ಗೇಟ್ ನಡೆಸಬಲ್ಲ ಎಂದು ಈಗಿನ ಆಪರೇಟರನ ದೃಢೀಕರಣ ಬೇಕು. ಅದರ ಫಾರಂ ಟ್ರಂಕಿನಲ್ಲಿ ಹಣಮಂತ್ರಾಯನ ಅರ್ಜಿಗಳ ಕೆಳಗೆ ಇತ್ತು. ಅಂಬ್ರಪ್ಪ ಅದನ್ನು ನನಗೆ ಕೊಟ್ಟದ್ದು ಆರು ವರ್ಷದ ಹಿಂದೆ. ತುಂಬಿ ಸಹಿ ಹಾಕಿದೆ.

ದುರಗಮ್ಮ ಹ್ಯಾಂಡಲ್ ವಾಪಸ್ ಕಳಿಸಿಲ್ಲ. ನಾನೂ ಕೇಳಲಿಲ್ಲ. ಮಂಚದ ಕೆಳಗೆ ಕಸ ಗುಡಿಸಿದೆ. ಮಾನಮ್ಮನ ಒಂದು ಬಳೆ ಸಿಕ್ಕಿತು.

ಇವತ್ತಿನ ಗೇಜ್: ಅಂಬ್ರಪ್ಪನನ್ನು ಕೇಳಬೇಕು.